ಪಕ್ಕಕ್ಕೆ ಬರಲಿ ಬಿಡು

ನವೆಂಬರ್ 1, 2023, ಬುಧವಾರ

ರಾಜ್ಯೋತ್ಸವದ ರಜೆ. ನಮ್ಮ ಬೀದಿಯಲ್ಲಿ ಬಾವುಟ ಹಾರಿಸಿ ಬಂದವನು ಮಧ್ಯಾಹ್ನ ಪಿಮ್ಲಿಕೋ ಕುದುರೆ ರೇಸಿನ ಹಳೆಯ ಕಪ್ಪು-ಬಿಳುಪು ಚಿತ್ರ ಹಾಕಿಕೊಂಡು ಕೂತೆ. ಅಮೆರಿಕದ ಬಾಲ್ಟಿಮೋರಿನಲ್ಲಿ ಸೀಬಿಸ್ಕಿಟ್, ವಾರ್ ಅಡ್ಮಿರಲ್ ಎರಡೇ ಕುದುರೆ ಓಡಿದ್ದು 1938ರ ಇದೇ ದಿನ. ಸರಿಯಾಗಿ 85 ವರ್ಷ!

ವಾರ್ ಅಡ್ಮಿರಲ್ ಹಿಂದಿನ ವರ್ಷವಷ್ಟೇ ಟ್ರಿಪಲ್ ಕ್ರೌನ್, ಅಂದರೆ ಅಮೆರಿಕದ ಮೂರು ದೊಡ್ಡ ರೇಸುಗಳನ್ನು ಒಂದೇ ವರ್ಷ ಗೆದ್ದಿತ್ತು. ಹೆಸರಾಂತ ರೇಸ್ ಕುದುರೆ ಮ್ಯಾನ್ ಓ ವಾರ್‌ನ ಮಗ. ಸೀಬಿಸ್ಕಿಟ್ ಅದೇ ಮ್ಯಾನ್ ಓ ವಾರ್‌ನ ಮೊಮ್ಮಗ, ಆದರೆ ಗಂಟುಮೊಣಕಾಲಿನ, ಮೊದಲ 17 ರೇಸುಗಳಲ್ಲಿ ಒಂದನ್ನೂ ಗೆಲ್ಲದ ಕುದುರೆ. ಬಾಜಿಯೆಲ್ಲ ಅಡ್ಮಿರಲ್ ಮೇಲೆ.

ಅಡ್ಮಿರಲ್‌ಗೆ ಸ್ಟಾರ್ಟಿಂಗ್ ಗೇಟ್, ಅಂದರೆ ಓಟ ಶುರುವಾಗುವಲ್ಲಿ ಕುದುರೆಗಳನ್ನು ನಿಲ್ಲಿಸುವ ಗೇಟ್ ಕಂಡರೆ ಆಗದು. ಅದಕ್ಕೇ ಗೇಟ್ ಬೇಡ, ನಡೆದು ಬಂದು ಗಂಟೆ ಬಾರಿಸಿದ ಕೂಡಲೇ ಓಡುವುದು ಅಂತ ಒಪ್ಪಂದ. ಶುರುವಿನಲ್ಲೇ ಮುನ್ನುಗ್ಗುವುದು ಅಡ್ಮಿರಲ್‌ನ ಹುಟ್ಟುಗುಣ. ಸೀಬಿಸ್ಕಿಟ್‌ದು ಹಿಂದಿನಿಂದ ಬಂದು ಹಿಡಿಯುವ ಓಟ. ತರಬೇತುದಾರ ಟಾಮ್ ಸ್ಮಿತ್ ತಾನೇ ಒಂದು ಗಂಟೆ ಮಾಡಿಕೊಂಡು, ಅದರ ಸದ್ದಾದರೆ ಜಿಗಿಯಲೇಬೇಕು ಅನ್ನುವುದನ್ನು ಕುದುರೆಯ ಮೈಗೆ ಹತ್ತಿಸಿದ. ಗಂಟೆ ಬಾರಿಸಿತು, ಸೀಬಿಸ್ಕಿಟ್ ಮುಂದೆ! ಜನ ನಂಬಲೇ ಇಲ್ಲ.

ನಾನು ಮತ್ತೆ ಮತ್ತೆ ಹಿಂದಕ್ಕೆ ಸರಿಸಿ ನೋಡಿದ್ದು ಅದನ್ನಲ್ಲ, ಆಚೆ ಬದಿಯ ನೇರ ಹಾದಿಯನ್ನು. ಅಲ್ಲಿ ಸೀಬಿಸ್ಕಿಟ್ ಮೇಲಿದ್ದ ಜಾಕಿ ಜಾರ್ಜ್ ವುಲ್ಫ್ ಮುಂದಿದ್ದ ಕುದುರೆಯನ್ನು ಬೇಕೆಂದೇ ಸ್ವಲ್ಪ ಹಿಡಿದ. ಅಡ್ಮಿರಲ್ ಸಮಕ್ಕೆ ಬಂತು, ಮೂತಿಗೆ ಮೂತಿ. ಈ ಉಪಾಯ ರೆಡ್ ಪೊಲಾರ್ಡ್‌ನದು. ಸೀಬಿಸ್ಕಿಟ್‌ನ ಮಾಮೂಲಿ ಜಾಕಿ ಅವನೇ. ಜೂನ್‌ನಲ್ಲಿ ಕಾಲು ಮುರಿದು ಹಾಸಿಗೆ ಹಿಡಿದಿದ್ದ. ಪಕ್ಕಕ್ಕೆ ಬರಲಿ ಬಿಡು, ಎದುರಾಳಿಯ ಕಣ್ಣು ಕಂಡರೆ ನಮ್ಮವನು ಸೋಲುವುದಿಲ್ಲ ಅಂತ ಗೆಳೆಯ ವುಲ್ಫ್‌ಗೆ ಹೇಳಿಕೊಟ್ಟಿದ್ದ. ತಾನು ಹತ್ತಲಾಗದ ಕುದುರೆಯನ್ನು ಇಷ್ಟು ಬಲ್ಲ ಪ್ರೀತಿ ನೆನೆದರೆ ನನಗೆ ಗಂಟಲು ಕಟ್ಟುತ್ತದೆ. ಅದನ್ನು ನಂಬಿ, ಕೈಯಲ್ಲಿದ್ದ ಅಂತರವನ್ನು ಬಿಟ್ಟುಕೊಟ್ಟ ವುಲ್ಫ್‌ನ ಗುಂಡಿಗೆಯೂ ಸಣ್ಣದಲ್ಲ.

ಕೊನೆಯ ತಿರುವು ದಾಟುವವರೆಗೂ ಜೋಡಿ ಹಾಗೇ. ಆಮೇಲೆ ಸೀಬಿಸ್ಕಿಟ್ ಕಳಚಿಕೊಂಡಿತು. ನಾಲ್ಕು ಲೆಂತ್, ಅಂದರೆ ನಾಲ್ಕು ಕುದುರೆಯುದ್ದದ ಗೆಲುವು. 1 ನಿಮಿಷ 56 3/5 ಸೆಕೆಂಡ್, ಅಷ್ಟು ದೂರಕ್ಕೆ ಆ ಟ್ರ್ಯಾಕಿನ ದಾಖಲೆ. ಸುಮಾರು ನಾಲ್ಕು ಕೋಟಿ ಜನ ರೇಡಿಯೋದಲ್ಲಿ ಕೇಳಿದರಂತೆ.

ಪೊಲಾರ್ಡ್ ಮತ್ತೆ ಸೀಬಿಸ್ಕಿಟ್ ಹತ್ತಿದ. 1940ರ ಮಾರ್ಚ್‌ನಲ್ಲಿ, ಕ್ಯಾಲಿಫೋರ್ನಿಯಾದ ದೊಡ್ಡ ರೇಸು ಸಾಂಟಾ ಅನಿತಾ ಹ್ಯಾಂಡಿಕ್ಯಾಪ್‌ನಲ್ಲಿ. ಮುರಿದು ಕೂಡಿದ ಕಾಲಿನ ಜಾಕಿ, ಕಾಲು ನೋವಿನಿಂದ ಎದ್ದ ಕುದುರೆ. ಗೆದ್ದರು.