ಪೆನಾಂಗಿನ ಮದುವೆ ಮನೆಯಲ್ಲಿ ಒಂದು ಬಟ್ಟಲು ಚಹಾ

ಬಾಗಿಲ ಮೇಲೆ ಕೆಂಪು ಬಟ್ಟೆ, ಕದಗಳ ಮೇಲೆ 'ಜೋಡಿ ಸಂತೋಷ' ಎಂಬ ಅರ್ಥದ ಕೆಂಪು ಚೀನೀ ಅಕ್ಷರ. ನಾನು ಹೋದದ್ದು ಮಲೇಷ್ಯಾದ ಪೆನಾಂಗಿಗೆ, ಆಫೀಸಿನ ಗೆಳತಿಯ ಅಣ್ಣನ ಮದುವೆಗೆ. ಅವರ ಮುತ್ತಜ್ಜ ಚೀನಾದ ಫುಜಿಯಾನ್‌ನಿಂದ ಬಂದವರು, ಮನೆಮಾತು ಹೊಕ್ಕಿಯೆನ್. 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಜಾರ್ಜ್‌ಟೌನ್‌ನ ಓಣಿಯೊಂದರಲ್ಲಿ ಅವರ ಮನೆ.

ಮುಯ್ಯಿಗೆಂದು ನಾನು 101 ರಿಂಗಿಟ್ ಎತ್ತಿಟ್ಟಿದ್ದೆ. ಗೆಳತಿ ಹಿಂದಿನ ರಾತ್ರಿಯೇ ತಡೆದಳು. ಅವರಲ್ಲಿ ಬೆಸ ಸಂಖ್ಯೆಯ ಹಣ ಸಾವಿನ ಮನೆಗೆ. ನಾಲ್ಕು ಎನ್ನುವ ಸದ್ದಿನಲ್ಲಿ ಸಾವು ಕೇಳಿಸುವುದರಿಂದ ಅದೂ ಬೇಡ. ಕೊನೆಗೆ 108 ಇಟ್ಟು ಕೆಂಪು ಲಕೋಟೆ ಮುಚ್ಚಿದೆ.

ಹುಡುಗಿ ಮನೆ ತುಂಬಿದ ಮೇಲೆ ಚಹಾ ಶಾಸ್ತ್ರ. ಒಣಗಿದ ಕೆಂಪು ಎಲಚಿ ಹಣ್ಣು, ತಾವರೆ ಬೀಜ ಹಾಕಿದ ಸಿಹಿ ಚಹಾ. ಚೀನೀ ಭಾಷೆಯಲ್ಲಿ ಎಲಚಿಗೂ 'ಬೇಗ' ಎಂಬ ಮಾತಿಗೂ ಒಂದೇ ಉಚ್ಚಾರ. ಬೇಗ ಮಕ್ಕಳಾಗಲಿ ಎಂಬ ಹಾರೈಕೆ ಬಟ್ಟಲಲ್ಲೇ ಇದೆ. ಹೊಕ್ಕಿಯೆನ್‌ನಲ್ಲಿ ಚಹಾಕ್ಕೆ 'ತೆ' ಎನ್ನುತ್ತಾರೆ. ನಾವು ದಿನವೂ ಕುಡಿಯುವ 'ಟೀ' ಹುಟ್ಟಿದ್ದು ಈ ಮಾತಿನಿಂದಲೇ.

ಮೊದಲು ಅಜ್ಜಿ. ವಧೂವರರು ಮೆತ್ತೆಯ ಮೇಲೆ ಮಂಡಿಯೂರಿದರು. ಹುಡುಗಿ ಎರಡೂ ಕೈಯಲ್ಲಿ ಬಟ್ಟಲು ಹಿಡಿದು 'ಆಮಾ' ಎಂದಳು. ಅಜ್ಜಿಯ ಕೈ ನಡುಗುತ್ತಿತ್ತು. ಹುಡುಗಿ ಬಟ್ಟಲು ಬಿಡದೆ ತಾನೂ ಹಿಡಿದುಕೊಂಡಿದ್ದಳು. ಒಂದು ಗುಟುಕು ಕುಡಿದ ಅಜ್ಜಿ ಸೊಸೆಯ ಕೊರಳಿಗೆ ಸರ ಹಾಕಿದರು. ಆ ಚಹಾ ಕುಡಿದರೆ ಹುಡುಗಿಯನ್ನು ಮನೆಯವಳೆಂದು ಒಪ್ಪಿದಂತೆ.

ಆಮೇಲೆ ಒಬ್ಬೊಬ್ಬರೂ ಬಂದು ಕೂತರು. ಪ್ರತಿಯೊಬ್ಬರನ್ನೂ ಹುಡುಗಿ ಸಂಬಂಧ ಹಿಡಿದು ಕರೆಯಲೇಬೇಕು. ದೊಡ್ಡಪ್ಪ 'ಆಪೆ', ಚಿಕ್ಕಪ್ಪ 'ಆಚೆಕ್', ಅಪ್ಪನ ತಂಗಿ 'ಆಕೊ', ತಾಯಿಯ ತಂಗಿ 'ಆಈ'. ಎಲ್ಲರಿಗೂ 'ಅಂಕಲ್', 'ಆಂಟಿ' ಎಂದು ಮುಗಿಸಿಬಿಡುವ ಕಾಲದಲ್ಲಿ ಇದನ್ನು ಕೇಳುತ್ತ ನನಗೆ ಕಣ್ಣು ತುಂಬಿ ಬಂತು. ನಮ್ಮಜ್ಜಿಯೂ ಹೊಸ ಸೊಸೆಯನ್ನು ಹೀಗೇ ನಿಲ್ಲಿಸಿ, 'ಇವರು ನಿನಗೆ ಏನಾಗಬೇಕು, ಹೇಳು' ಎಂದು ಕೇಳುತ್ತಿದ್ದರು.

ರಾತ್ರಿ ಊಟಕ್ಕೆ ಹತ್ತು ಜನರ ದುಂಡು ಮೇಜುಗಳು. ಮುಖ್ಯ ಮೇಜಿನಲ್ಲಿ ಒಂದು ಕುರ್ಚಿ ಖಾಲಿ. ಅದು ವರನ ಸೋದರಮಾವನದು, 'ಆಕೂ'ಗೆ ಮೀಸಲು. 'ಮೇಲೆ ಆಕಾಶದಲ್ಲಿ ದೇವರು, ಕೆಳಗೆ ನೆಲದ ಮೇಲೆ ಸೋದರಮಾವ' ಎಂಬ ಗಾದೆಯೇ ಅವರಲ್ಲಿದೆಯಂತೆ. ನಮ್ಮಲ್ಲೂ ಹುಡುಗಿಯನ್ನು ಮಂಟಪಕ್ಕೆ ಕರೆತರುವವನು ಸೋದರಮಾವ ಎಂದೆ. ಗೆಳತಿ ಅದನ್ನು ಪಕ್ಕದಲ್ಲಿದ್ದ ತಾಯಿಗೆ ಹೇಳಿದಳು. ಆಕೆ ನನ್ನ ಕೈಹಿಡಿದು, 'ಸೋ-ದ-ರ-ಮಾ-ವ' ಎಂದು ನಿಧಾನವಾಗಿ ಹೇಳಿ ನೋಡಿದರು. ಅಷ್ಟರಲ್ಲಿ ಬಾಗಿಲಲ್ಲಿ ಆಕೂ ಕಾಣಿಸಿಕೊಂಡರು. ಅವರು ಕೂತು ಊಟದ ಕಡ್ಡಿ ಎತ್ತಿದ ಮೇಲೆಯೇ ಉಳಿದವರ ಕೈ ತಟ್ಟೆಯತ್ತ ಹೋದದ್ದು.