ಕತ್ತಿ ಸಿಕ್ಕಿದರೆ ಸಾಲದು, ಮಹಜರು ಗಟ್ಟಿ ಇರಬೇಕು

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆ ದರೋಡೆಯೋ ಹೊಡೆದಾಟವೋ ನಡೆದರೆ ಒಂದೆರಡು ದಿನದಲ್ಲಿ 'ಮಾರಕಾಯುಧ ವಶ' ಅಂತ ಫೋಟೊ ಬರುತ್ತದೆ. ಮೇಜಿನ ಮೇಲೆ ತಲವಾರು, ಕತ್ತಿ, ಕಬ್ಬಿಣದ ರಾಡು. ಫೋಟೊ ನೋಡಲು ಚೆನ್ನ, ಕೇಸಿಗೆ ಅದರಿಂದ ಏನೂ ಆಗುವುದಿಲ್ಲ. ಕೇಸು ನಿಲ್ಲುವುದು ಆಯುಧ ಸಿಕ್ಕ ಜಾಗದಲ್ಲಿ ಸಾಕ್ಷಿಗಳ ಮುಂದೆ ಬರೆದ ದಾಖಲೆಯ, ಅಂದರೆ ಮಹಜರಿನ ಮೇಲೆ. ಅದಕ್ಕೆ ಪಂಚರಾಗಿ (ಸಾಕ್ಷಿಗಳಾಗಿ) ಸಹಿ ಹಾಕಲು ಕರೆಯುವುದು ಹತ್ತಿರದ ಅಂಗಡಿಯವರನ್ನು, ರಿಕ್ಷಾ ಸ್ಟ್ಯಾಂಡಿನವರನ್ನು. ಹಾಗಾಗಿ ಇದು ಮುಖ್ಯವಾಗಿ ಅವರಿಗೆ.

ಮೊದಲು ಕಾನೂನು, ಚುಟುಕಾಗಿ. 1959ರ ಆಯುಧ ಕಾಯ್ದೆ ಮತ್ತು 2016ರ ನಿಯಮಗಳ ಪ್ರಕಾರ ತಲವಾರು, ಬಾಕು, ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚೂರಿ ಮುಂತಾದವು ಆಯುಧಗಳ ಪಟ್ಟಿಯಲ್ಲಿವೆ. ಸೆಕ್ಷನ್ 4ರ ಅಧಿಸೂಚನೆ ಇರುವ ಪ್ರದೇಶದಲ್ಲಿ ಇವಕ್ಕೆ ಲೈಸೆನ್ಸು ಬೇಕು. ಮನೆಗೆಲಸದ, ಕೃಷಿಯ ಹತ್ಯಾರುಗಳಿಗೆ ವಿನಾಯಿತಿ ಇದೆ. ತೋಟದ ಕತ್ತಿ ಎಷ್ಟೇ ಉದ್ದವಿದ್ದರೂ ಇಟ್ಟುಕೊಂಡದ್ದಕ್ಕೇ ಕೇಸಾಗುವುದಿಲ್ಲ. ಅದನ್ನೇ ಬೀಸಿ ಗಾಯ ಮಾಡಿದರೆ ಮಾತ್ರ ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿಯ ಬದಲು ಬಂದದ್ದು) ಸೆಕ್ಷನ್ 118 ಬೀಳುತ್ತದೆ: ಸಾದಾ ಗಾಯಕ್ಕೆ 3 ವರ್ಷದವರೆಗೆ, ತೀವ್ರ ಗಾಯಕ್ಕೆ 1ರಿಂದ 10 ವರ್ಷ ಅಥವಾ ಜೀವಾವಧಿ. ಇರಿಯುವ, ಕಡಿಯುವ ವಸ್ತುವೇ ಆಗಬೇಕೆಂದಿಲ್ಲ. ಹೇಗೆ ಬಳಸಿದರೆ ಜೀವ ಹೋಗಬಹುದೋ ಹಾಗೆ ಬಳಸಿದ ಯಾವುದೂ ಆದೀತು. ತಡೆಯಲು ನಿಂತ ಪೊಲೀಸರ ಮೇಲೆ ನುಗ್ಗಿಸಿದ ಮರಳು ಟಿಪ್ಪರನ್ನೂ ಇದರಡಿ ತರಬಹುದು. ಪೊಲೀಸರನ್ನು ಕರ್ತವ್ಯದಿಂದ ತಡೆಯಲು ಹಲ್ಲೆ ಮಾಡಿದರೆ ಸೆಕ್ಷನ್ 132, ಗಾಯವಾದರೆ 121.

ದರೋಡೆಯಲ್ಲಿ ಆಯುಧ ತಾಗಲೇಬೇಕೆಂದಿಲ್ಲ. ಕಾಣುವಂತೆ ಹಿಡಿದು ಹೆದರಿಸಿದರೂ ಅದು 'ಬಳಕೆ'ಯೇ ಎಂದು ಸುಪ್ರೀಂ ಕೋರ್ಟು 1975ರ ಫೂಲ್ ಕುಮಾರ್ ತೀರ್ಪಿನಲ್ಲಿ ಹೇಳಿದೆ. ಹಾಗೆ ಬಳಸಿದರೆ ಶಿಕ್ಷೆ ಕನಿಷ್ಠ 7 ವರ್ಷ (ಈಗಿನ ನ್ಯಾಯ ಸಂಹಿತೆಯ ಸೆಕ್ಷನ್ 311). ಆದರೆ ಆ ಕನಿಷ್ಠ ಶಿಕ್ಷೆ ಆಯುಧ ಬಳಸಿದವನಿಗೆ ಮಾತ್ರ, ಹೊರಗೆ ಬೈಕ್ ಚಾಲೂ ಇಟ್ಟು ನಿಂತವನಿಗೆ ಅಲ್ಲ. ಹಾಗಾಗಿ ಯಾರ ಕೈಯಲ್ಲಿ ಯಾವುದು ಇತ್ತು ಎಂದು ಮೊದಲ ಹೇಳಿಕೆಯಲ್ಲೇ ಬರಬೇಕು. 'ಎಲ್ಲರ ಕೈಯಲ್ಲೂ ಆಯುಧ ಇತ್ತು' ಎಂಬ ಒಂದು ಸಾಲು ಎಲ್ಲರನ್ನೂ ಆ ಕನಿಷ್ಠ ಶಿಕ್ಷೆಯಿಂದ ಪಾರು ಮಾಡಬಹುದು.

ಇನ್ನು ಆಯುಧ ಸಿಗುವ ಬಗೆ. ಆರೋಪಿ ಪೊಲೀಸರ ಮುಂದೆ ಹೇಳಿದ್ದರಲ್ಲಿ, ಅವನ ಮಾತಿನಿಂದ ವಸ್ತು ಸಿಕ್ಕಿದರೆ ಅಷ್ಟು ಭಾಗ ಮಾತ್ರ ಸಾಕ್ಷಿ. ಹಳೆಯ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 27, ಈಗಿನ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 23. ಆಂಧ್ರದ ಪುಲುಕೂರಿ ಕೊಟ್ಟಯ್ಯ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟು) ಕೊಟ್ಟ ಉದಾಹರಣೆಯೂ ಚೂರಿಯದ್ದೇ: 'ಮನೆಯ ಮಾಡಿನಲ್ಲಿ ಬಚ್ಚಿಟ್ಟ ಚೂರಿ ತೆಗೆದುಕೊಡುತ್ತೇನೆ' ಎಂಬುದು ನಡೆಯುತ್ತದೆ, 'ಅದರಲ್ಲಿ ಇರಿದೆ' ಎಂಬುದು ನಡೆಯದು. ಪಂಚರು ಆ ಮಾತನ್ನು ಆರೋಪಿಯ ಬಾಯಿಂದಲೇ ಕೇಳಿರಬೇಕು, ಅವನು ಮುಂದೆ ನಡೆದು ತೋರಿಸಿದ್ದನ್ನು ನೋಡಿರಬೇಕು. ಪೊಲೀಸರು ಮೊದಲೇ ನೋಡಿಟ್ಟ ಜಾಗಕ್ಕೆ ಕರೆದುಕೊಂಡು ಹೋದರೆ ಅದು ಪತ್ತೆಯಲ್ಲ. ಎಲ್ಲರೂ ಓಡಾಡುವ ಕಟ್ಟಪುಣಿಯ (ಗದ್ದೆ ಬದುವಿನ) ಮೇಲೆ ಬಿದ್ದದ್ದಾದರೆ ವಕೀಲರಿಗೆ ಹಬ್ಬ.

ವಸ್ತುವಿನ ವಿವರಕ್ಕೆ ಹೆಸರು ಸಾಕಾಗುವುದಿಲ್ಲ, ಅಳತೆ ಬೇಕು. ಒಟ್ಟು ಉದ್ದ, ಅಲಗಿನ ಉದ್ದ, ಅತಿ ಹೆಚ್ಚು ಅಗಲ ಇರುವಲ್ಲಿ ಎಷ್ಟು, ಬಾಯಿ ಒಂದು ಬದಿಗೋ ಎರಡೂ ಬದಿಗೋ, ಹಿಡಿ ಮರದ್ದೋ ಪ್ಲಾಸ್ಟಿಕ್ಕಿನದೋ, ಬಾಯಿ ಎಲ್ಲಿ ಮುಕ್ಕಾಗಿದೆ, ಕಲೆ ಎಲ್ಲಿದೆ. ಹಿಡಿಗೆ ಸುತ್ತಿದ ಸೈಕಲ್ ಟ್ಯೂಬಿನ ತುಂಡನ್ನೂ ಬರೆಯಬೇಕು. ಎಷ್ಟೋ ವರ್ಷದ ಮೇಲೆ ಕಟಕಟೆಯಲ್ಲಿ ನಿಂತು ಗುರುತು ಹಿಡಿಯಲು ನೆರವಾಗುವುದು ಇಂಥದ್ದೇ.

ಕಟ್ಟುವಾಗ ಹೆಚ್ಚಾಗಿ ಆಗುವ ತಪ್ಪು ಪ್ಲಾಸ್ಟಿಕ್ ಚೀಲ. ಹಸಿ ರಕ್ತ ಪ್ಲಾಸ್ಟಿಕ್ಕಿನಲ್ಲಿ ಬೆವರುತ್ತದೆ, ಕೊಳೆಯುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ನಮ್ಮ ಜೂನ್, ಜುಲೈಯ ಥಂಡಿಯಲ್ಲಂತೂ ಕೇಳುವುದೇ ಬೇಡ. ಆಮೇಲೆ ಲ್ಯಾಬಿನಿಂದ 'ರಕ್ತದ ಗುಂಪು ಪತ್ತೆಯಾಗಿಲ್ಲ' ಎಂದು ಬಂದರೆ ಆಶ್ಚರ್ಯವಿಲ್ಲ. ನೆರಳಲ್ಲಿ ಗಾಳಿಗೆ ಒಣಗಿಸಬೇಕು, ಬಿಸಿಲಿಗೂ ಬೆಂಕಿಗೂ ಹಿಡಿಯಬಾರದು. ಒಣಗಿದ ಮೇಲೆ ಕಾಗದ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿ ಅಲುಗಾಡದಂತೆ ಕಟ್ಟಿ ಅರಗಿನ ಮುದ್ರೆ ಒತ್ತಬೇಕು. ಎರಡು ಕತ್ತಿ ಇದ್ದರೆ ಎರಡು ಕಟ್ಟು, ಒಂದರ ಕಲೆ ಇನ್ನೊಂದಕ್ಕೆ ತಾಗಬಾರದು.

ಕಾಸರಗೋಡಿನಲ್ಲಿ ಇನ್ನೊಂದು ತೊಡಕು: ಅಡಿಕೆ ಚೊಗರು. ಎಳೆ ಅಡಿಕೆ ಕೊಯ್ದ ಕತ್ತಿಯ ಮೇಲೆ ಕೆಂಪು ಕಂದು ಕಲೆ ಕೂತಿರುತ್ತದೆ, ಒಣ ರಕ್ತವೆಂದೇ ಕಾಣುತ್ತದೆ. ಸ್ಥಳದಲ್ಲೇ ಮಾಡುವ ಬಣ್ಣ ಬದಲಾಗುವ ಪರೀಕ್ಷೆ ಸೂಚನೆ ಮಾತ್ರ ಕೊಡುತ್ತದೆ. ಕೆಲವು ಗಿಡಗಳ ರಸಕ್ಕೂ ತುಕ್ಕಿಗೂ ಅದು ಬಣ್ಣ ತೋರಿಸಬಲ್ಲದು. ಮನುಷ್ಯ ರಕ್ತವೇ ಎಂದು ಖಚಿತ ಹೇಳಬೇಕಾದದ್ದು ಲ್ಯಾಬು. ಹಾಗಾಗಿ ಮಹಜರಿನಲ್ಲಿ 'ರಕ್ತದ ಕಲೆ' ಎನ್ನುವ ಬದಲು 'ರಕ್ತದಂತೆ ಕಾಣುವ ಕಲೆ' ಎಂದು ಬರೆದರೆ ಪಂಚರಿಗೂ ಕ್ಷೇಮ.

ಗಾಯದ ಕಡೆಯಿಂದಲೂ ತಾಳೆ ಬೀಳಬೇಕು. ಕಡಿತದ ಗಾಯದ ಅಂಚು ನಯ; ರಾಡಿನ ಪೆಟ್ಟಿನ ಗಾಯದ ಅಂಚು ಜಜ್ಜಿರುತ್ತದೆ. ಆದರೆ ತಲೆಬುರುಡೆಯಂಥ ಗಟ್ಟಿ ಎಲುಬಿನ ಮೇಲೆ ರಾಡು ಬಿದ್ದರೂ ಚರ್ಮ ಸೀಳಿ ಕತ್ತಿಯ ಗಾಯದಂತೆ ಕಾಣಬಹುದು. ಇರಿತದ ಆಳ ಅಲಗಿನ ಉದ್ದಕ್ಕಿಂತ ಜಾಸ್ತಿ ಇರಲೂಬಹುದು, ಹೊಟ್ಟೆ ಒಳಕ್ಕೆ ಒತ್ತುತ್ತದೆಯಲ್ಲ. ಅದಕ್ಕೇ ಆಯುಧವನ್ನು ವೈದ್ಯರಿಗೆ ತೋರಿಸಿ ಅಭಿಪ್ರಾಯ ಪಡೆಯಬೇಕು. ಅದನ್ನು ಮರೆತ ಕೇಸು ಕುಂಟುತ್ತದೆ.

2024ರ ಜುಲೈ 1ರಿಂದ ಶೋಧ ಮತ್ತು ವಶದ ವಿಡಿಯೊ ಕಡ್ಡಾಯ (ನಾಗರಿಕ ಸುರಕ್ಷಾ ಸಂಹಿತೆ 105). ಪಟ್ಟಿ ಮಾಡಿ ಸಹಿ ಹಾಕುವುದೂ ಅದರಲ್ಲಿ ಬರಬೇಕು. ಠಾಣೆಯಲ್ಲಿ ಕೂತು ಖಾಲಿ ಹಾಳೆಗೆ ಸಹಿ ಪಡೆಯುವ ಹಳೆಯ ರೂಢಿಗೆ ಇದೊಂದು ಕಡಿವಾಣ. ತಲಪಾಡಿ ದಾಟಿ ಕರ್ನಾಟಕದೊಳಗೆ ಆಯುಧ ತೆಗೆಯಬೇಕಾದರೆ ಅಲ್ಲಿನ ಠಾಣೆಗೆ ತಿಳಿಸುವ ಕ್ರಮ ಬೇರೆ ಇದೆ.

ಮಹಜರು ಮಲಯಾಳದಲ್ಲಿ ಇರುತ್ತದೆ. ಓದಲು ಬಾರದಿದ್ದರೆ ಓದಿ ಹೇಳಿಸಿಕೊಳ್ಳಿ, ಸಹಿಯ ಮೇಲೆ 'ಕನ್ನಡದಲ್ಲಿ ವಿವರಿಸಿದ್ದನ್ನು ಕೇಳಿ ಸಹಿ ಹಾಕಿದ್ದೇನೆ' ಎಂದು ನಿಮ್ಮ ಕೈಯಲ್ಲೇ ಬರೆಯಿರಿ, ದಿನಾಂಕ ಗಂಟೆ ಸಹಿತ. ಕಟ್ಟಿನ ಲೇಬಲಿಗೂ ಸಹಿ ಬೇಕು. ಅದಕ್ಕೆ ಬಾಲ್ ಪೆನ್ ಬಳಸಿ. ಜೆಲ್ ಪೆನ್ನಿನ ಅಕ್ಷರ ಮಳೆಗಾಲದ ತೇವಕ್ಕೆ ಕಲಸಿಹೋಗಬಹುದು.