ಮೊದಲು ಕಿಕ್ ಎಣಿಸಿ

ಎಲೆಕ್ಟ್ರಾನಿಕ್ ನೃತ್ಯಸಂಗೀತವೆಲ್ಲ ಒಂದೇ ಥರ ಕೇಳಿಸುತ್ತದೆ ಎನ್ನುವವರು ನಮ್ಮ ಬೆಳಗಾವಿಯ ಭಜನಾ ಮಂಡಳಿಯಲ್ಲೂ ಇದ್ದಾರೆ, ಕಾಲೇಜು ಹುಡುಗರಲ್ಲೂ ಇದ್ದಾರೆ. “ಕಾಕಾ, ಹೌಸ್ ಯಾವುದು, ಟೆಕ್ನೋ ಯಾವುದು ಎಂದು ಹೇಗೆ ಗೊತ್ತಾಗುತ್ತದೆ?” ಎಂದು ಅಣ್ಣನ ಮಗಳು ಕೇಳಿದಾಗ ನಾನು ಹೇಳಿದ್ದಿಷ್ಟು: ಮಾತು, ರಾಗ ಎಲ್ಲ ಬದಿಗಿಡು, ಕಿಕ್, ಅಂದರೆ ದೊಡ್ಡ ಡ್ರಮ್ಮಿನ ‘ಧಂ’ ಎನ್ನುವ ಏಟು, ಎಲ್ಲಿ ಬೀಳುತ್ತದೆ, ಚಪ್ಪಾಳೆ ಎಲ್ಲಿ ಬೀಳುತ್ತದೆ, ಅಷ್ಟನ್ನೇ ಕೇಳು. ನಾನು ತಬಲಾ ನುಡಿಸುವವನು. ಯಾವ ಸಂಗೀತವಾದರೂ ನನ್ನ ಕಿವಿ ಮೊದಲು ಠೇಕಾ, ಅಂದರೆ ತಾಳದ ಮೂಲ ನಡೆ, ಹುಡುಕುತ್ತದೆ, ಮತ್ತು ಈ ಸಂಗೀತದ ಮಟ್ಟಿಗೆ ಆ ಅಭ್ಯಾಸದಷ್ಟು ಕೆಲಸಕ್ಕೆ ಬಂದದ್ದು ಬೇರೊಂದಿಲ್ಲ.

ಹೌಸ್‌ನಿಂದಲೇ ಶುರುಮಾಡಬೇಕು. ಹುಟ್ಟಿದ್ದು ಷಿಕಾಗೊದಲ್ಲಿ, 1980ರ ದಶಕದ ಆರಂಭದಲ್ಲಿ. ಫ್ರಾಂಕಿ ನಕಲ್ಸ್ ರೆಕಾರ್ಡ್ ನುಡಿಸುತ್ತಿದ್ದ ಕ್ಲಬ್ಬಿನ ಹೆಸರು ವೇರ್‌ಹೌಸ್. ಅದರ ಬಾಲವೇ ಸಂಗೀತದ ಹೆಸರಾಯಿತು. ನಾಲ್ಕು ಮಾತ್ರೆ, ನಾಲ್ಕಕ್ಕೂ ಕಿಕ್. ಎರಡನೆಯದಕ್ಕೂ ನಾಲ್ಕನೆಯದಕ್ಕೂ ಜೊತೆಗೊಂದು ಚಪ್ಪಾಳೆ. ಎರಡು ಕಿಕ್‌ಗಳ ನಟ್ಟನಡುವೆ ಜೋಡಿ ತಾಳದಂತಹ ಹೈ-ಹ್ಯಾಟ್‌ನ ‘ತ್ಸ್’. ವೇಗ ನಿಮಿಷಕ್ಕೆ ಸುಮಾರು 120ರಿಂದ 130. ಹದಿನೈದು ಸೆಕೆಂಡು ಕಿಕ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಸಿಕ್ಕಿಬಿಡುತ್ತದೆ. ಎಂಟು ಮಾತ್ರೆಯ ಕೆಹರ್ವಾ ತಾಳದಲ್ಲಿ ಐದನೆಯ ಮಾತ್ರೆಗೆ ಎಡಗೈಯ ಡಗ್ಗಾ ಸುಮ್ಮನಾಗುತ್ತದೆ, ಅದು ಖಾಲಿ. ಹೌಸ್‌ನಲ್ಲಿ ಆ ಖಾಲಿಯೇ ಇಲ್ಲ; ತಬಲಾದವರಿಗೆ ಮೊದಮೊದಲು ಉಸಿರು ಕಟ್ಟುತ್ತದೆ. ಕಿವಿಯನ್ನು ಕಿಕ್‌ನಿಂದ ಬಿಡಿಸಿ ನಡುವಿನ ಆ ‘ತ್ಸ್’ ಮೇಲೆ ಇಟ್ಟು ನೋಡಿ, ಲಯ ತೂಗತೊಡಗುತ್ತದೆ. ಜನರನ್ನು ಕುಣಿಸುವುದು ಅದೇ.

ಟೆಕ್ನೋ ಡೆಟ್ರಾಯ್ಟ್‌ನದು. 1980ರ ದಶಕದ ನಡುವಿನಲ್ಲಿ ಹುವಾನ್ ಅಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಶಾಲಾ ಗೆಳೆಯರು ಅದನ್ನು ಕಟ್ಟಿದರು. ಇಲ್ಲಿಯೂ ನಾಲ್ಕಕ್ಕೆ ನಾಲ್ಕು ಕಿಕ್ ಇರುವುದರಿಂದ ಬರೀ ಎಣಿಕೆ ಸಾಲದು, ಮೇಲೇನಿದೆ ಎಂದು ನೋಡಬೇಕು. ಹೌಸ್ ಡಿಸ್ಕೋದ ಮಗು: ಅಲ್ಲಿ ಹಾಡುವ ದನಿ, ಪಿಯಾನೊ ಇರುತ್ತವೆ. ಟೆಕ್ನೋದಲ್ಲಿ ಹಾಡುವವರು ಅಪರೂಪ. ಯಂತ್ರದ ಸದ್ದೊಂದು ನಿಧಾನವಾಗಿ ಬಣ್ಣ ಬದಲಿಸುತ್ತಾ ಹೋಗುತ್ತದೆ. ನಮ್ಮ ವಡಗಾವಿಯ ಓಣಿಗಳಲ್ಲಿ ಮಗ್ಗದ ಸದ್ದು ಹೊರಗಿನವರಿಗೆ ಒಂದೇ ಸಮ, ನೇಯುವವರಿಗೆ ಮಾತ್ರ ಲಾಳಿ ಚೂರು ತಡವಾದರೂ ತಿಳಿಯುತ್ತದೆ. ಟೆಕ್ನೋ ಕೇಳಲು ಆ ಕಿವಿ ಬೇಕು.

1990ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ಬೆಳೆದ ಟ್ರಾನ್ಸ್ ಗುರುತಿಸುವುದು ಸುಲಭ. ನಡುವೆ ಕಿಕ್ ಪೂರ್ತಿ ನಿಂತು ಸ್ವರಗಳು ಮಾತ್ರ ಏರುತ್ತಾ ಹೋಗುತ್ತವೆ, ಬಹಳ ಹೊತ್ತು. ಅಷ್ಟುದ್ದದ ಖಾಲಿ, ಆಮೇಲೆ ಕಿಕ್ ಮರಳಿದಾಗ ಸಮ, ತಾಳದ ಮೊದಲ ಮಾತ್ರೆ.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಡ್ರಮ್ ಆಂಡ್ ಬೇಸ್. 1990ರ ದಶಕದ ಇಂಗ್ಲೆಂಡಿನದು. ಕಿಕ್ ಇಲ್ಲಿ ಸಾಲಾಗಿ ಬೀಳುವುದಿಲ್ಲ, ಮುರಿದು ಬೀಳುತ್ತದೆ. ಡ್ರಮ್ ನಿಮಿಷಕ್ಕೆ 170ರ ಆಸುಪಾಸಿನಲ್ಲಿ ಓಡುತ್ತಿದ್ದರೆ ಕೆಳಗೆ ಬೇಸ್, ಅಂದರೆ ತಗ್ಗು ಸ್ವರ, ಅದರ ಅರ್ಧ ಲಯದಲ್ಲಿ ನಡೆಯುತ್ತದೆ. ಎರಡು ಲಯ ಒಟ್ಟಿಗೆ ಕೇಳಿಸಿದರೆ ಅನುಮಾನವೇ ಬೇಡ. ಈ ಪ್ರಕಾರದ ಎಷ್ಟೋ ರೆಕಾರ್ಡುಗಳ ಬೇರು ಒಂದೇ: 1969ರಲ್ಲಿ ದಿ ವಿನ್‌ಸ್ಟನ್ಸ್ ತಂಡದ ಡ್ರಮ್ಮರ್ ಗ್ರೆಗೊರಿ ಕೋಲ್‌ಮನ್ ನುಡಿಸಿದ, ಸುಮಾರು ಏಳು ಸೆಕೆಂಡಿನ ಒಂದು ತುಂಡು. ಅದನ್ನು ಕತ್ತರಿಸಿ, ವೇಗ ಹೆಚ್ಚಿಸಿ, ಜಗತ್ತೆಲ್ಲ ಬಳಸಿತು. ಕೋಲ್‌ಮನ್‌ಗೆ ಅದರಿಂದ ರಾಯಲ್ಟಿ ಸಿಗಲಿಲ್ಲ. ಆ ತುಂಡು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕೈಯ ದುಡಿಮೆ ಅದು, ಹೆಸರಾದರೂ ನೆನಪಿರಲಿ.

ಡಬ್‌ಸ್ಟೆಪ್ 2000ದ ಆಚೀಚೆ ದಕ್ಷಿಣ ಲಂಡನ್ನಿನಲ್ಲಿ ಹುಟ್ಟಿತು. ಲೆಕ್ಕಕ್ಕೆ ವೇಗ 140, ಆದರೆ ಸ್ನೇರ್, ಅಂದರೆ ಚಿಕ್ಕ ಡ್ರಮ್ಮಿನ ‘ಟಪ್’ ಎನ್ನುವ ಏಟು, ಮೂರನೆಯ ಮಾತ್ರೆಗೆ ಮಾತ್ರ ಬೀಳುವುದರಿಂದ 70ರಂತೆ ಕೇಳುತ್ತದೆ. ಇದನ್ನು ಮೊಬೈಲ್ ಸ್ಪೀಕರಿನಲ್ಲಿ ಕೇಳಲೇಬೇಡಿ. ಅದರ ಜೀವವಿರುವುದು ತಳದ ಬೇಸ್‌ನಲ್ಲಿ, ಪುಟ್ಟ ಸ್ಪೀಕರು ಅದನ್ನು ನುಡಿಸುವುದೇ ಇಲ್ಲ. ಒಳ್ಳೆಯ ಹೆಡ್‌ಫೋನ್ ಬೇಕು.

ಹಿಂದೂಸ್ತಾನಿ ಕೇಳಿ ಬೆಳೆದ ನಮ್ಮ ಕಡೆಯವರು ಚರಣ್‌ಜಿತ್ ಸಿಂಗ್ ಅವರನ್ನು ಕೇಳದೆ ಬಿಡಬಾರದು. ಹಿಂದಿ ಚಿತ್ರಗೀತೆಗಳಿಗೆ ನುಡಿಸುತ್ತಿದ್ದ ಈ ಕಲಾವಿದರು 1982ರಲ್ಲಿ ರೋಲ್ಯಾಂಡ್ ಕಂಪನಿಯ ಟಿಬಿ-303 ಎಂಬ ಬೇಸ್ ಯಂತ್ರ, ಟಿಆರ್-808 ಎಂಬ ಡ್ರಮ್ ಯಂತ್ರಗಳನ್ನು ಜೋಡಿಸಿ ಡಿಸ್ಕೋ ತಾಳಕ್ಕೆ ಹತ್ತು ರಾಗ ನುಡಿಸಿದರು. ಭೈರವಿ, ಯಮನ್, ಮಾಲಕೌಂಸ್ ಎಲ್ಲ ಇವೆ. ಅದೇ 303ನಿಂದ ಷಿಕಾಗೊದವರು ಆಸಿಡ್ ಹೌಸ್ ಹೊರತಂದದ್ದು 1987ರಲ್ಲಿ. ಆ ಯಂತ್ರ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಬಗೆಯಲ್ಲಿ ಮೀಂಡ್ ಕೇಳಿಸುತ್ತದೆ. ಕಿಕ್ ಡಿಸ್ಕೋದ್ದು, ಆದ್ದರಿಂದ ಇದು ಡಿಸ್ಕೋ ಎಂದೇ ನನ್ನ ತೀರ್ಮಾನ. ಅಣ್ಣನ ಮಗಳು ಒಪ್ಪಿಲ್ಲ. “ಕಾಕಾ, ಕಿಕ್ ಎಣಿಸು ಎಂದವರು ನೀವೇ. ನಾಲ್ಕಕ್ಕೆ ನಾಲ್ಕೂ ಇದೆಯಲ್ಲ, ಇದು ಹೌಸ್” ಎನ್ನುತ್ತಾಳೆ.